ಹುಲ್ಲಿಗೊಂದು ಫ್ರೇಮು

ಹುಲ್ಲುಗಾವಲು ಉಳಿಸಬೇಕಾದರೆ ನಿಸರ್ಗಚಿತ್ರ ಬರೆಸಬೇಕಂತೆ. ಚಿತ್ರ ನೋಡಿ ಜನರ ಮನಸ್ಸು ಕರಗುತ್ತದಂತೆ. ಆಗಲಿ, ಮೊದಲ ಚಿತ್ರಕಲಾ ಶಿಬಿರ ನಮ್ಮ ರಾಮನಗರ ಸೀಮೆಯಲ್ಲೇ ನಡೆಯಲಿ. ಬಯಲಿಗೇನೂ ಇಲ್ಲಿ ಬರವಿಲ್ಲ, ಸೈಟಿನ ಕಲ್ಲು ನೆಡದ ಬಯಲು ಹುಡುಕಬೇಕು ಅಷ್ಟೆ.

ತೊಡಕು ಒಂದೇ: ಹುಲ್ಲು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬಂಡೆಗಳ ಅದೃಷ್ಟ ನೋಡಿ. 1975ರಲ್ಲಿ ಇಲ್ಲಿ ಚಿತ್ರೀಕರಿಸಿದ ‘ಶೋಲೆ’ ಸಿನಿಮಾ ಬಂದು ದೇಶಕ್ಕೆಲ್ಲ ಪರಿಚಯವಾದವು, 2012ರಲ್ಲಿ ರಾಮದೇವರ ಬೆಟ್ಟ ರಣಹದ್ದು ಧಾಮವಾಯಿತು. ಬಂಡೆಗೆ ಗಬ್ಬರ್ ಸಿಂಗ್ ಸಿಕ್ಕ, ಹದ್ದೂ ಸಿಕ್ಕಿತು. ಬುಡದಲ್ಲಿ ದನ ಮೇಯುವ ಬಯಲಿಗೆ ಯಾರು ಸಿಕ್ಕರು? ಹದ್ದು ತಿನ್ನುವ ಸತ್ತ ದನ ಆಕಾಶದಿಂದ ಉದುರುತ್ತದೆ ಎಂದು ನಂಬಿಕೊಂಡು ನಾವು ನಿಶ್ಚಿಂತೆಯಾಗಿದ್ದೇವೆ.

ಶಾಲೆಯ ಹುಡುಗನಿಗೆ ‘ಸೀನರಿ ಬಿಡಿಸಪ್ಪ’ ಎನ್ನಿ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಗುಡಿಸಲು, ತೆಂಗಿನಮರ. ಉಳಿದ ಜಾಗಕ್ಕೆ ಹಸಿರು ಕ್ರೆಯಾನ್ ಉಜ್ಜಿ ಎದ್ದುಬಿಡುತ್ತಾನೆ. ಇವನೇ ದೊಡ್ಡವನಾಗಿ ಕಂದಾಯ ಇಲಾಖೆ ಸೇರಿ, ಹುಲ್ಲು ಕಂಡಲ್ಲಿ ‘ಖರಾಬು’ ಎಂದು ಬರೆಯುತ್ತಾನೆ. ಇವನ ತಮ್ಮ ಅರಣ್ಯ ಇಲಾಖೆಗೆ ಹೋಗಿ, ಮರವಿಲ್ಲದ ನೆಲಕ್ಕೆ ಮರುಗಿ ನೀಲಗಿರಿ ನೆಡಿಸುತ್ತಾನೆ. ರಾಣೆಬೆನ್ನೂರಿನ ಕೃಷ್ಣಮೃಗದ ಬಯಲಿಗೂ ಇದೇ ಮರುಕದಿಂದ ನೀಲಗಿರಿ ಬಂತು. ಅಲ್ಲಿದ್ದ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗೆ ನೆರಳು ರುಚಿಸಲಿಲ್ಲವೋ ಏನೋ, ಈಗ ಕಾಣುವುದಿಲ್ಲ.

ನಿಯಮವಂತೂ ಬಲು ಉದಾರಿ. 100 ದನಕ್ಕೆ 12 ಹೆಕ್ಟೇರ್ ಗೋಮಾಳ ಬಿಡಬೇಕು. ಗೋಮಾಳ ಒತ್ತುವರಿಯಾದರೆ ಮೇವಿಲ್ಲದೆ ದನ ಮಾರಿಹೋಗುತ್ತವೆ. ದನ ಕಡಿಮೆಯಾದರೆ ಮಿಕ್ಕ ಗೋಮಾಳವೂ ಲೆಕ್ಕದ ಪ್ರಕಾರ ‘ಹೆಚ್ಚುವರಿ’. ಇನ್ನೊಂದಿಷ್ಟು ಹಂಚಬಹುದು. ಎಲ್ಲವೂ ನಿಯಮದಂತೆಯೇ!

ಬಯಲಿಗೂ ಚಿತ್ರಕ್ಕೂ ನಂಟು ಹಾಕುವುದರಲ್ಲಿ ನಮ್ಮ ಸರ್ಕಾರಗಳು ಹಿಂದೆ ಬಿದ್ದಿಲ್ಲ. ಫಿಲ್ಮ್ ಸಿಟಿ ಮೈಸೂರಿಗೆ ಎಂದರು. 2018ರಲ್ಲಿ ರಾಮನಗರಕ್ಕೆ ಎಂದರು. 2019ರಲ್ಲಿ ಕನಕಪುರ ರಸ್ತೆಯ ರೋರಿಕ್ ಎಸ್ಟೇಟ್ ನೆನಪಾಯಿತು, 2020ರಲ್ಲಿ ಹೆಸರಘಟ್ಟದ ಹುಲ್ಲುಗಾವಲು. ಮುಖ್ಯಮಂತ್ರಿ ಬದಲಾದರೂ ಬದಲಾಗದಿದ್ದರೂ ಲೊಕೇಶನ್ ಬದಲಾಗುತ್ತಿತ್ತು. ರೋರಿಕ್ ಅಂದರೆ ಹಿಮಾಲಯವನ್ನು ಬಣ್ಣದಲ್ಲಿ ಹಿಡಿದ ಮನೆತನ. ಸ್ವೆತೊಸ್ಲಾವ್ ರೋರಿಕ್ ಮತ್ತು ಅವರ ಪತ್ನಿ, ನಟಿ ದೇವಿಕಾರಾಣಿ ಬಾಳಿದ 468 ಎಕರೆ ಅದು. ನಿಸರ್ಗಚಿತ್ರಕಾರನ ತೋಟವೂ ಹುಲ್ಲುಗಾವಲೂ ವಿಧಾನಸೌಧದಿಂದ ನೋಡಿದರೆ ಒಂದೇ ಥರ ಕಾಣುತ್ತವೆ: ಖಾಲಿ.

ಹೆಸರಘಟ್ಟ ಬಚಾವಾಯಿತು ನಿಜ. 2021ರಲ್ಲಿ ಮೀಸಲು ಪ್ರದೇಶ ಬೇಡವೆಂದ ವನ್ಯಜೀವಿ ಮಂಡಳಿಯೇ 2024ರಲ್ಲಿ 5,678 ಎಕರೆಗೆ ಒಪ್ಪಿತು. ನಡುವೆ ಹಕ್ಕಿ ನೋಡುವವರು, ಕ್ಯಾಮೆರಾದವರು ವರ್ಷಗಟ್ಟಲೆ ಅರ್ಜಿ ಹಿಡಿದು ಕೋರ್ಟಿಗೆ ಅಲೆದರು. ಬರೀ ಕುಂಚ ಹಿಡಿದಿದ್ದರೆ ಅಲ್ಲೀಗ ತಾಜ್‌ಮಹಲಿನ ಸೆಟ್ ನಿಂತಿರುತ್ತಿತ್ತು.

ಸರಿ, ಶಿಬಿರದ ಏರ್ಪಾಡಿಗೆ ಬರೋಣ. ಶಾಮಿಯಾನ ಹುಲ್ಲಿನ ಮೇಲೆ, ಪಾರ್ಕಿಂಗು ಹುಲ್ಲಿನ ಮೇಲೆ, ಮುದ್ದೆ ಮತ್ತು ನಾಟಿಕೋಳಿ ಸಾರಿನ ಪಂಕ್ತಿ ಕೂಡ ಅಲ್ಲೇ. ಬೇಸಿಗೆಯಲ್ಲಿ ಮಾತ್ರ ಬೇಡ. ಒಣಗಿ ಕಂದಾದ ಹುಲ್ಲನ್ನು ಸತ್ತಿದೆಯೆಂದು ತಿಳಿದು ಮಂತ್ರಿಗಳು ಸಸಿ, ಗುದ್ದಲಿ, ಫೋಟೋಗ್ರಾಫರು ಮೂವರನ್ನೂ ಕರೆಸಿಬಿಡುತ್ತಾರೆ. ಸ್ಪರ್ಧೆಯ ತೀರ್ಪುಗಾರರು ಹಿರಿಯರು, ಚಿತ್ರದಲ್ಲಿ ಒಂದಾದರೂ ಮರವಿರಲಿ ಎನ್ನುತ್ತಾರೆ. ಬರೆದುಬಿಡಿ, ಬಹುಮಾನ ಮುಖ್ಯ.

ಗೆದ್ದ ಚಿತ್ರ ಎಲ್ಲಿ ತೂಗುಹಾಕುವುದೆಂಬ ಚಿಂತೆ ಬೇಡ. ಜಿಲ್ಲೆಗೆ 2025ರಲ್ಲಿ ‘ಬೆಂಗಳೂರು ದಕ್ಷಿಣ’ ಎಂಬ ಹೆಸರೂ ಬಂದಿರುವುದರಿಂದ ಶಿಬಿರ ನಡೆದ ಬಯಲಲ್ಲೇ ‘ಗ್ರೀನ್ ಮೆಡೋಸ್’ ಎಂಬ ಬಡಾವಣೆ ಏಳುವ ಎಲ್ಲ ಲಕ್ಷಣಗಳಿವೆ. ಬ್ರೋಷರಿನ ಮುಖಪುಟಕ್ಕೆ ಚಿತ್ರ ಹೇಳಿ ಮಾಡಿಸಿದಂತಿರುತ್ತದೆ. ಕಲಾವಿದರು ಕೊಂಚ ಜಾಣತನ ತೋರಿಸಿದರೆ, ಸಂಭಾವನೆಯ ಬದಲು ಕಾರ್ನರ್ ಸೈಟನ್ನೇ ಕೇಳಬಹುದು.