ಮಂಚಾಧೋಮೀಮಾಂಸೆ ಅಥವಾ ಮಂಚದಡಿ ಶಾಸ್ತ್ರಕ್ಕೊಂದು ಪ್ರವೇಶಿಕೆ

ಪೀಠಿಕೆ

1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಣ್ಣನ್ನು ಪದರ ಪದರವಾಗಿ ಅಗೆಸಿ, ಒಂದರ ಮೇಲೊಂದು ಕೂತ ಮೂರು ಸಂಸ್ಕೃತಿಗಳನ್ನು ಗುರುತಿಸಿದರು. ಮೇಲಿನದು ಹೊಸತು, ಕೆಳಗಿನದು ಹಳತು ಎಂಬ ಈ ಸರಳ ಸೂತ್ರವನ್ನು ಮೈಸೂರು ಸೀಮೆಯ ಮಲಗುವ ಕೋಣೆಗೆ ಅನ್ವಯಿಸಲು ವಿದ್ವಾಂಸರು ಹಿಂಜರಿದಿದ್ದಾರೆ. ಕಾರಣ ಸ್ಪಷ್ಟ. ಬ್ರಹ್ಮಗಿರಿಯನ್ನು ಅಗೆಯಲು ಸರ್ಕಾರದ ಅಪ್ಪಣೆ ಸಾಕು. ಹಾಸಿಗೆ ಎತ್ತಲು ಮನೆಯಾಕೆಯ ಅಪ್ಪಣೆ ಬೇಕು.

ಪೂರ್ವಪಕ್ಷ

ಮಲಗುವ ಕೋಣೆ ಇರುವುದು ಮಲಗುವುದಕ್ಕೆ ಎಂದು ಕೆಲವರ ಮತ. ಇದು ಅಗ್ರಾಹ್ಯ. ಮಲಗಲು ಚಾಪೆ ಸಾಕೆಂಬುದಕ್ಕೆ, ಮದುವೆಮನೆಯ ಹಾಲಿನಲ್ಲಿ ಸಾಲಾಗಿ ಉರುಳಿದ ನೆಂಟರ ಗೊರಕೆಯೇ ಪ್ರಮಾಣ.

ಪ್ರಥಮ ಸ್ತರ: ದಿಂಬಿನಡಿ

ಇದು ವರ್ತಮಾನ ಯುಗ. ಹೇರ್‌ಪಿನ್ನು, ಟಾರ್ಚು, ಮೊಬೈಲು, ಮುಚ್ಚಳ ಕಳೆದುಕೊಂಡ ಅಮೃತಾಂಜನದ ಡಬ್ಬಿ. ಅಮೃತಾಂಜನ ಹುಟ್ಟಿದ್ದು 1893ರಲ್ಲಿ, ಮುಂಬಯಿಯಲ್ಲಿ. ಆದರೆ ಡಬ್ಬಿಯೊಳಗೆ ಉಗುರು ಗೀರಿದ ಗುರುತು ನಿನ್ನೆ ರಾತ್ರಿಯದು.

ದ್ವಿತೀಯ ಸ್ತರ: ಹಾಸಿಗೆಯಡಿ

ಇದು ದಾಖಲೆಗಳ ಯುಗ. ಕರೆಂಟ್ ಬಿಲ್ಲು, ಎಲ್‌ಐಸಿ ರಸೀದಿ, ಮಗ್ಗುಲು ಬದಲಿಸಿದಾಗಲೆಲ್ಲ ಪಟಪಟ ಎನ್ನುವ ಮಂಡಿಯ ಎಕ್ಸ್‌ರೇ, ಅರಿಸಿನ ಹಚ್ಚಿದ ಮೂಲೆಯ ಲಗ್ನಪತ್ರಿಕೆ. ಒಂದು ಪ್ಯಾಂಟೂ ದೊರೆತಿದೆ. ಅದು ಕಳೆದುಹೋದದ್ದೆಂದು ಒಂದು ಪಂಥ, ಇಸ್ತ್ರಿಗಾಗಿ ಇಟ್ಟದ್ದೆಂದು ಇನ್ನೊಂದು ಪಂಥ. ಒಂದೇ ಕಾಲಿಗೆ ಎರಡು ಗೆರೆ ಬಿದ್ದಿರುವುದರಿಂದ ಎರಡನೆಯ ವಾದವೇ ಗೆಲ್ಲುತ್ತದೆ.

ಕಾಲನಿರ್ಣಯಕ್ಕೆ ಮುಖ್ಯ ಆಧಾರ, ತಲೆಕಡೆ ಮಡಚಿಟ್ಟ ಹಳೆಯ 500 ರೂಪಾಯಿಯ ನೋಟು. ಇದನ್ನು ಬಚ್ಚಿಟ್ಟದ್ದು ನೋಟು ರದ್ದಾದ 2016ರ ನವೆಂಬರ್ 8ಕ್ಕಿಂತ ಮೊದಲು. ನೆನಪಾದದ್ದು ಬ್ಯಾಂಕಿಗೆ ಕಟ್ಟುವ ಗಡುವು ಡಿಸೆಂಬರ್ 30 ದಾಟಿದ ಮೇಲೆ. ಯಾರಿಗೂ ತಿಳಿಯಬಾರದೆಂದು ಇಟ್ಟವರ ಉದ್ದೇಶ ಇಷ್ಟು ಸಂಪೂರ್ಣವಾಗಿ ಈಡೇರಿದ್ದು ಅಪರೂಪ.

ತೃತೀಯ ಸ್ತರ: ಮಂಚದಡಿ

ಇದು ರಾಜಮನೆತನದ ಯುಗ. ಟ್ರಂಕಿನೊಳಗೆ ಹಳೆ ಪಂಚೆ ಸುತ್ತಿಕೊಂಡು ಪಟ್ಟದ ಗೊಂಬೆಗಳು ಮಲಗಿವೆ. ದಸರೆಯ ಒಂಬತ್ತು ದಿನ ಸಿಂಹಾಸನ, ಮಿಕ್ಕ 356 ದಿನ ಮಂಚದಡಿ: ರಾಜವೈಭವದ ನಶ್ವರತೆಯನ್ನು ಇಷ್ಟು ಅಗ್ಗವಾಗಿ ಬೋಧಿಸುವ ಗ್ರಂಥ ಬೇರೆ ಇಲ್ಲ. ಗೊಂಬೆಗಳ ಕಾವಲಿಗಿಟ್ಟ ನುಸಿಗುಳಿಗೆ ಕರಗದೆ ನೇರವಾಗಿ ಆವಿಯಾಗುವ ವಸ್ತು. ಆದಕಾರಣ ಅದು ಪ್ರತ್ಯಕ್ಷಕ್ಕೆ ಸಿಕ್ಕದು. ಹೊಗೆಯಿಂದ ಬೆಂಕಿಯನ್ನು ಸಾಧಿಸುವ ತಾರ್ಕಿಕರು ಇಲ್ಲಿ ವಾಸನೆಯಿಂದ ಗುಳಿಗೆಯನ್ನು ಸಾಧಿಸತಕ್ಕದ್ದು.

ಆಕ್ಷೇಪ ಮತ್ತು ಪರಿಹಾರ

ಅದೇ ಕೋಣೆಯ ಬೀರುವನ್ನು ಏಕೆ ಕೈಬಿಟ್ಟಿರಿ ಎಂದು ಕೇಳಬಹುದು. ಗೋದ್ರೆಜ್‌ನವರು 1923ರಿಂದ ಉಕ್ಕಿನ ಬೀರು ಮಾಡುತ್ತಿರುವುದು ದಿಟ. ಅದಕ್ಕೆ ಬೀಗವಿರುವುದೂ ದಿಟ. ಆದರೆ ಬೀಗದ ಕೈ ಇರುವುದು ಹಾಸಿಗೆಯಡಿ. ಆದ್ದರಿಂದ ಬೀರು ಸ್ವತಂತ್ರ ರಾಜ್ಯವಲ್ಲ, ಸಾಮಂತ.

ಇಷ್ಟನ್ನೂ ಎಸೆಯಬಾರದೇಕೆ ಎಂಬುದು ಎರಡನೆಯ ಆಕ್ಷೇಪ. ಉತ್ತರ: ಎಕ್ಸ್‌ರೇ ಎಸೆದ ಮರುವಾರವೇ ಡಾಕ್ಟರು, "ಹಳೇದು ಇದ್ರೆ ತನ್ನಿ" ಎನ್ನುತ್ತಾರೆ. ಇದಕ್ಕೆ ಅಪವಾದ ಕಂಡಿಲ್ಲ.

ಸಿದ್ಧಾಂತ

ಮನೆಯವರು ಬಿಸಾಡಲೂ ಆಗದ, ಬಳಸಲೂ ಆಗದ ವಸ್ತುಗಳಿಗೆ ಕಟ್ಟಿದ ಆಶ್ರಯವೇ ಮಲಗುವ ಕೋಣೆ. ಆ ಆಶ್ರಯದ ಚಾವಣಿಯಾದ ಮಂಚದ ಮೇಲೆ ರಾತ್ರಿ ಯಾರೋ ಇಬ್ಬರು ಮಲಗುವುದು ಆನುಷಂಗಿಕ. ಈ ತತ್ತ್ವ ಪಂಡಿತರಿಗೆ ಹೊಸತಿರಬಹುದು, ಅತ್ತೆಯಂದಿರಿಗೆ ಹೊಸತಲ್ಲ. ಅಂಗಡಿಗೆ ಹೋದ ಮಗ-ಸೊಸೆ ಮಂಚದ ಮೇಲೆ ಕೂತು ಕುಪ್ಪಳಿಸಿ ನೋಡುತ್ತಾರೆ. ಅತ್ತೆ ಸೆರಗು ಸಿಕ್ಕಿಸಿ, ನೆಲಕ್ಕೆ ಬಗ್ಗಿ, ಟ್ರಂಕಿನ ಎತ್ತರಕ್ಕೆ ಎರಡು ಗೇಣು ಅಳೆದು, "ಇದೇ ಇರ್ಲಿ" ಎನ್ನುತ್ತಾರೆ.