ಕೌದಿ ಮಿಸ್ಸು

ತುಮಕೂರಿನಲ್ಲಿ ಎಸ್.ಎಸ್. ಪುರಂ, ಸೋಮೇಶ್ವರಪುರಂ, ಶಿರಾ ಗೇಟಿನ ಆಚೆಯ ಹೊಸ ಬಡಾವಣೆ, ಎಲ್ಲಿ ಮನೆ ಮಾಡಿದರೂ ಎರಡು ಬೀದಿಯೊಳಗೆ ಒಬ್ಬರು ಕೌದಿ ಮಿಸ್ಸು ಇದ್ದೇ ಇರುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ನಾವೆಲ್ಲ ಎದುರಿಗೆ ಸಿಕ್ಕವರ ಮುಖ ನೋಡಿ ಮಾತಾಡಿಸುತ್ತೇವೆ. ಇವರು ಬಟ್ಟೆ ನೋಡಿ ಮಾತಾಡಿಸುತ್ತಾರೆ. “ಚೆನ್ನಾಗಿದ್ದೀರಾ?” ಅನ್ನುವಷ್ಟರಲ್ಲಿ ನಿಮ್ಮ ಸೆರಗಿನ ತುದಿ ಅವರ ಎರಡು ಬೆರಳ ನಡುವೆ ಸೇರಿರುತ್ತದೆ. “ಪೂರ್ತಿ ಕಾಟನ್ನಾ? ಬೆರಕೆನಾ?” ಮದುವೆಮನೆಯಲ್ಲಿ ಉಳಿದವರು ಸೀರೆಯ ಬೆಲೆ ಎಷ್ಟಿರಬಹುದು ಎಂದು ಲೆಕ್ಕ ಹಾಕುತ್ತಿದ್ದರೆ, ಇವರು ಅದು ಹಳೆಯದಾಗುವುದು ಯಾವಾಗ ಎಂದು ಲೆಕ್ಕ ಹಾಕುತ್ತಿರುತ್ತಾರೆ.

ನಮ್ಮ ಬೀದಿಯ ಮಿಸ್ಸು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಹಾಗಾಗಿ ಬಟ್ಟೆಯ ವಿಷಯದಲ್ಲಿ ಅವರಿಗೆ ಬಾಯಿಮಾತು ನಡೆಯುವುದಿಲ್ಲ, ಪ್ರಯೋಗವೇ ಆಗಬೇಕು. ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರುತ್ತಾರೆ. ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದರೆ ಹತ್ತಿ. ಕರಗಿ, ಮುದುರಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟಿದರೆ ಪಾಲಿಯೆಸ್ಟರ್. ಪರೀಕ್ಷೆಯೇನೋ ಸರಿಯಾದದ್ದೇ, ಮಾಡುವ ಜಾಗ ಮಾತ್ರ ಸರಿಯಿಲ್ಲ. ಯುಗಾದಿಗೆಂದು ತಂದಿಟ್ಟಿದ್ದ ಪಂಚೆಯ ಅಂಚಿನಿಂದ ಎಳೆ ಹೋಗಿರುವುದು ಯಜಮಾನರಿಗೆ ಗೊತ್ತಾದದ್ದು ಉಟ್ಟು ದೇವರಿಗೆ ಕೈಮುಗಿಯುವಾಗ.

ಯಜಮಾನರು ವಿದ್ಯುತ್ ಇಲಾಖೆಯಲ್ಲಿದ್ದವರು, ಮಾತು ಕಮ್ಮಿ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ವರ್ಷಗಳಿಂದ ಕೇಳುತ್ತಾ ಬಂದಿದ್ದಾರೆ: “ಚೆನ್ನಾಗಿರೋ ಬಟ್ಟೇನ ಚೂರು ಚೂರು ಕತ್ತರಿಸೋದು ಯಾಕೆ, ಆಮೇಲೆ ಅದೇ ಚೂರನ್ನ ಸೇರಿಸಿ ಒಂದು ಬಟ್ಟೆ ಮಾಡೋದು ಯಾಕೆ?” ನ್ಯಾಯವಾದ ಪ್ರಶ್ನೆ. ಹಳ್ಳಿಯಲ್ಲಿ ಕೌದಿ ಹುಟ್ಟಿದ್ದೇ ಬೇರೆ ಕಾರಣಕ್ಕೆ. ಉಟ್ಟು, ಒಗೆದು, ಇನ್ನು ತಡೆಯುವುದಿಲ್ಲ ಎನ್ನುವಷ್ಟು ಸವೆದ ಸೀರೆಗಳನ್ನು ನಾಲ್ಕೈದು ಪದರ ಹಾಸಿ, ಮೇಲೆ ತೇಪೆ ಕೂಡಿಸಿ, ಸಾಲು ಸಾಲಾಗಿ ದಾರ ಓಡಿಸಿದರೆ ಚಳಿಗಾಲಕ್ಕೊಂದು ಹೊದಿಕೆ. ಅಲ್ಲಿ ಕತ್ತರಿಸುವ ಕೆಲಸವನ್ನು ಕಾಲವೇ ಮಾಡಿಕೊಡುತ್ತಿತ್ತು. ಮಿಸ್ಸು ಕಾಲಕ್ಕೆ ಕಾಯುವವರಲ್ಲ. ಹಬ್ಬಕ್ಕೆ ಬಂದ ರವಿಕೆ ಪೀಸು ನೀರು ಕಾಣುವ ಮೊದಲೇ ಕತ್ತರಿ ಕಾಣುತ್ತದೆ. ಅರಿಶಿನ ಕುಂಕುಮದ ತಟ್ಟೆಯಲ್ಲಿ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಓಡಾಡಿಕೊಂಡಿದ್ದ, ಯಾರೂ ಎಂದೂ ಹೊಲಿಸದ, ಆ ಪಾಪದ ರವಿಕೆ ಪೀಸುಗಳಿಗೆ ಕೊನೆಗೂ ಒಂದು ನೆಲೆ ಸಿಕ್ಕಿತಲ್ಲ ಎಂದು ಬೇಕಾದರೆ ಸಮಾಧಾನ ಮಾಡಿಕೊಳ್ಳಬಹುದು.

ನೆಲೆ ಎಂದರೆ ಹಿಂದಿನ ಕೋಣೆ. ಮಗನ ಓದಿನ ಕೋಣೆಯಾಗಿದ್ದದ್ದು ಈಗ ಕಾಮಗಾರಿ ಇಲಾಖೆ. ಮೂಲೆಯಲ್ಲಿ ಕಾಲು ಮಿಷನ್ನು, ಮಂಚದ ಮೇಲೆ ಗಂಟು, ಮಂಚದ ಕೆಳಗೆ ಗಂಟು, ಬೀರುವಿನ ತಲೆಯ ಮೇಲೆ ಮತ್ತೊಂದು ಗಂಟು. ಪ್ರತಿ ಗಂಟೂ ಒಂದೊಂದು ಯೋಜನೆ. ತಂಗಿಯ ಗೃಹಪ್ರವೇಶಕ್ಕೆಂದು ಶುರುವಾದ ಬಟ್ಟೆಯ ಮಾವಿನೆಲೆ ತೋರಣದಲ್ಲಿ ಎಲೆಗಳು ಸಿದ್ಧವಾಗಿವೆ, ಕಟ್ಟುವ ದಾರದ ಬಣ್ಣ ಇನ್ನೂ ತೀರ್ಮಾನವಾಗಿಲ್ಲ. ಆ ಮನೆಗೆ ಈಚೆಗೆ ಎರಡನೇ ಸಲ ಸುಣ್ಣ ಬಣ್ಣವಾಯಿತು. ಹಳೇ ಜೀನ್ಸಿನ ಕಾಲುಗಳು ಕೈಚೀಲವಾಗಲು ಕಾಯುತ್ತಾ ನೇತಾಡುತ್ತಿವೆ. ಕತ್ತಲಲ್ಲಿ ಬಾಗಿಲು ತೆರೆದವರಿಗೆ ಯಾರೋ ಅಟ್ಟದಿಂದ ಇಳಿಯುತ್ತಿದ್ದಾರೆ ಅನ್ನಿಸುತ್ತದೆ. ಪೂರ್ತಿಯಾದವೂ ಇವೆ, ಅವೆಲ್ಲ ಮನೆಯ ಸಾಮಾನಿನ ಮೈಮೇಲಿವೆ. ಮಿಕ್ಸಿಗೆ ಗೌನು, ಗ್ಯಾಸ್ ಸಿಲಿಂಡರಿಗೆ ನೆರಿಗೆ ಲಂಗ, ಫ್ರಿಜ್ಜಿನ ಹಿಡಿಗೆ ತೋಳು. ಆ ಮನೆಯಲ್ಲಿ ಬರಿಮೈಯಲ್ಲಿ ಓಡಾಡುವ ಸ್ವಾತಂತ್ರ್ಯ ಇರುವುದು ಯಜಮಾನರಿಗೆ ಮಾತ್ರ, ಅದೂ ಬೇಸಿಗೆಯಲ್ಲಿ.

ಮಿಸ್ಸು ಹೇಳಿದ ಸಮಯಕ್ಕೆ ಕೆಲಸ ಮುಗಿಸಿದ್ದು 2020ರಲ್ಲಿ ಮಾತ್ರ. ಮಾರ್ಚ್‌ ಕೊನೆಯಲ್ಲಿ ಲಾಕ್‌ಡೌನ್ ಬಂತು, ಅಂಗಡಿ ಮುಚ್ಚಿತು, ಮಾಸ್ಕಿಗೆ ಹಾಹಾಕಾರ. ಆಗ ಆ ಕೋಣೆಯ ಗಂಟುಗಳು ಬಿಚ್ಚಿಕೊಂಡವು. ಬೀದಿಯವರೆಲ್ಲ ಒಂದೇ ಥಾನಿನ ಹೂವಿನ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡು, ಒಂದೇ ಕುಟುಂಬದವರ ಹಾಗೆ ಹಾಲಿಗೆ ನಿಂತೆವು. ಆಗಲೂ ಅವರು ಬಿಡಲಿಲ್ಲ. ಮಾಸ್ಕು ಕೊಟ್ಟು, “ಇದೆಲ್ಲ ಮುಗಿದ ಮೇಲೆ ಒಗೆದು ವಾಪಸ್ ಕೊಡಿ, ಚೌಕ ಚೆನ್ನಾಗಿ ಬರುತ್ತೆ” ಅಂದರು.

ಚೂರು ಬಟ್ಟೆ ಸಂಗ್ರಹಿಸುವ ದಾರಿಗಳಲ್ಲಿ ಟೈಲರ್ ಅಂಗಡಿ ಮುಖ್ಯವಾದದ್ದು. ಮಂಡಿಪೇಟೆಯ ಕಡೆ ಹೋದರೆ ಇವರಿಗೆಂದೇ ತೆಗೆದಿಟ್ಟ ಚೀಲ ಸಿಗುತ್ತದೆ. ಇದರಿಂದ ಒಮ್ಮೆ ಬೀದಿಯ ಶಾಂತಿಗೇ ಭಂಗ ಬಂತು. ಎದುರು ಮನೆಯವರು ಕೌದಿ ನೋಡಲು ಬಂದವರು, ನಡುವಿನ ಒಂದು ನೇರಳೆ ಚೌಕದ ಮೇಲೆ ಬೆರಳಿಟ್ಟು ಸುಮ್ಮನಾದರು. “ಇದು ನನ್ನ ರವಿಕೆ ಬಟ್ಟೆ ಅಲ್ವೇನ್ರೀ? ತೋಳಿಗೆ ಸಾಲಲಿಲ್ಲ ಅಂದಿದ್ದ!” ಮಿಸ್ಸು ಕನ್ನಡಕ ಏರಿಸಿ ನೋಡಿ, “ಹೌದಾ? ನೋಡಿ, ಇಲ್ಲಿ ಎಷ್ಟು ಧಾರಾಳವಾಗಿ ಸಾಲಿದೆ” ಅಂದರು. ಚೂರು ಯಾವ ಅಂಗಡಿಯಿಂದ ಬಂತೆಂದು ಕೊನೆಗೂ ಬಾಯಿ ಬಿಡಲಿಲ್ಲ.

ಮಗ ಇರುವುದು ಅಮೆರಿಕದಲ್ಲಿ. ಅಮ್ಮನಿಗೆಂದು ಬಟ್ಟೆ ಕತ್ತರಿಸುವ ಹಸಿರು ಹಲಗೆ, ಅದರ ಜೊತೆಗೆ ಚಕ್ರದ ಹಾಗೆ ಉರುಳುವ ಚೂಪಾದ ಕಟ್ಟರ್ ತಂದುಕೊಟ್ಟ. ಯಜಮಾನರು ಅದನ್ನು ತಿರುಗಿಸಿ ನೋಡಿ, “ಶಂಕರಪೋಳಿ ಕತ್ತರಿಸೋದಕ್ಕೆ ಅಷ್ಟು ದೂರದಿಂದ ತರಬೇಕಾಗಿತ್ತಾ?” ಅಂದರು. ಮಗ ಇನ್ನೊಂದು ಸುದ್ದಿಯನ್ನೂ ತಂದಿದ್ದ. ಅಲ್ಲಿ ಕೌದಿ ಹೊಲಿಯುವವರಿಗೆಂದು ಗಜದ ಕಾಲು ಭಾಗವನ್ನು 18 ಇಂಚಿಗೆ 22 ಇಂಚಿನಷ್ಟು ಕತ್ತರಿಸಿ, ಬಣ್ಣ ಹೊಂದಿಸಿ, ರಿಬ್ಬನ್ ಕಟ್ಟಿ ಮಾರುತ್ತಾರಂತೆ. ಚೂರನ್ನೂ ದುಡ್ಡು ಕೊಟ್ಟು ಕೊಳ್ಳುವ ದೇಶವೊಂದಿದೆ ಎಂದು ಕೇಳಿ ಮಿಸ್ಸು ಮೂಕರಾದರೆ, ಯಜಮಾನರಿಗೆ ನಿವೃತ್ತಿಯ ನಂತರ ಮೊದಲ ಬಾರಿಗೆ ಉತ್ಸಾಹ ಬಂತು. ಹಿಂದಿನ ಕೋಣೆಯ ಕಡೆ ನೋಡಿ, “ಹಡಗಿಗೆ ಎಷ್ಟಾಗುತ್ತೆ ವಿಚಾರಿಸೋ” ಅಂದರು.

ಇಷ್ಟೆಲ್ಲ ಇದ್ದರೂ ಕಾಮಗಾರಿಗಳು ಒಂದು ಹದ್ದುಬಸ್ತಿನಲ್ಲಿದ್ದವು. ಅದು ತಪ್ಪಿದ್ದು 2023ರ ಜೂನ್ 11ರಂದು, ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತವಾದಾಗ. ತವರು ಗುಬ್ಬಿ ಪಶ್ಚಿಮಕ್ಕೆ, ತಂಗಿ ಇರುವ ಕುಣಿಗಲ್ ದಕ್ಷಿಣಕ್ಕೆ. ಆಧಾರ್ ತೋರಿಸಿ, ಸೊನ್ನೆ ರೂಪಾಯಿ ಟಿಕೆಟ್ ಹಿಡಿದು, ಬೆಳಿಗ್ಗೆ ಗುಬ್ಬಿಯಲ್ಲಿ ಅಂಚಿಗೊಂದು ಸೀರೆ ಎತ್ತಿಕೊಂಡು, ಮಧ್ಯಾಹ್ನ ಕುಣಿಗಲ್ಲಿನಲ್ಲಿ ಅದಕ್ಕೆ ಹೊಂದುವ ಅಸ್ತರು ಹುಡುಕಿ, ಕತ್ತಲಾಗುವಷ್ಟರಲ್ಲಿ ತುಮಕೂರಿಗೆ ವಾಪಸ್. ಖಾಸಗಿ ಬಸ್ಸು ಮುಂದೆಯೇ ನಿಂತು ಕೂಗಿದರೂ ಇವರ ಕಣ್ಣಿಗೆ ಬೀಳುವುದಿಲ್ಲ. ಯಜಮಾನರು ಬಂದರೆ ಅವರಿಗೆ ಟಿಕೆಟ್ ಕೊಳ್ಳಬೇಕು. ಆದ್ದರಿಂದ ಕರೆದುಕೊಂಡು ಹೋಗುವುದಿಲ್ಲ. ಅವರೂ ಒತ್ತಾಯ ಮಾಡುವುದಿಲ್ಲ.

ಗುಬ್ಬಿಯ ಟ್ರಂಕಿನಿಂದ ಬಂದದ್ದರಲ್ಲಿ ಒಂದು ಅಂಗೈಯಗಲದ ಕೆಂಪು ಮಕಮಲ್ಲಿನ ಚೂರಿದೆ. ಗುಬ್ಬಿ ನಾಟಕ ಕಂಪನಿಯ ಪರದೆಯದು ಎಂದು ಮನೆಯವರ ನಂಬಿಕೆ. 1884ರಲ್ಲಿ ಹುಟ್ಟಿದ ಕಂಪನಿ, ಗುಬ್ಬಿ ವೀರಣ್ಣನವರ ಕಾಲದಲ್ಲಿ ಕುರುಕ್ಷೇತ್ರ ನಾಟಕಕ್ಕೆ ರಂಗದ ಮೇಲೆ ಜೀವಂತ ಆನೆಯನ್ನೇ ತಂದದ್ದು. ಅಂಥ ಪರದೆ ಹರಿದಿದ್ದರೆ ಊರಿಗೆಲ್ಲ ಹಂಚುವಷ್ಟು ಚೂರು ಸಿಕ್ಕಿರಲೂಬಹುದು. ಆದರೆ ಗುಬ್ಬಿಯಲ್ಲಿ ಇಂಥ ಚೂರನ್ನು ತೋರಿಸುವ ಮನೆಗಳನ್ನೆಲ್ಲ ಲೆಕ್ಕ ಹಾಕಿದರೆ ಕಂಪನಿಯವರು ನಾಟಕ ಆಡುವುದು ಬಿಟ್ಟು ಪರದೆ ಹಂಚುತ್ತಾ ತಿರುಗಿದರೇನೋ ಎಂಬ ಅನುಮಾನ ನನಗಿದೆ. ಮಿಸ್ಸು ಅದರ ಎಳೆಗೆ ಮಾತ್ರ ಬೆಂಕಿ ಹಚ್ಚಿ ನೋಡಿಲ್ಲ. ಮಣಿ ಕಟ್ಟಿದರೆ ಗತಿಯೇನು?

ಕುಣಿಗಲ್ಲಿನ ಕಥೆ 2009ರದ್ದು. ತಂಗಿಗೆ ಮೊಮ್ಮಗ ಹುಟ್ಟಿದ, ನಾಮಕರಣಕ್ಕೆ ಪುಟ್ಟ ಕೌದಿ ಎಂದು ಮಾತು ಕೊಟ್ಟರು. ಟಿಪ್ಪುವಿನ ಕಾಲದಿಂದ ಕುದುರೆ ಫಾರಂ ಇರುವ ಊರಲ್ಲವೇ, ನಡುವೆ ಕುದುರೆಯ ಆಕಾರ ಕತ್ತರಿಸಿ ಕೂಡಿಸಿದರೆ ಚೆಂದ ಎಂದುಕೊಂಡರು. ಕುದುರೆಯ ಕಾಲು ಸರಿಹೋಗುವಷ್ಟರಲ್ಲಿ ನಾಮಕರಣ ಕಳೆದಿತ್ತು, ಬಾಲ ಸೇರುವಷ್ಟರಲ್ಲಿ ಮಗುವಿಗೆ ಮಾತು ಬಂದಿತ್ತು. ದಿನಾ ನಿಜವಾದ ಕುದುರೆ ನೋಡಿ ಬೆಳೆದ ಮಗು. ಕೌದಿಯ ಮೇಲೆ ಕೈಯಾಡಿಸಿ, “ದೊಡ್ಡಜ್ಜಿ, ನಾಯಿ ಚೆನ್ನಾಗೈತೆ” ಅಂದಿತು. ಕುದುರೆ ಬಿಚ್ಚಿ ಹೊಸದಾಗಿ ಶುರುವಾಯಿತು. ಅಷ್ಟರಲ್ಲಿ ಹುಡುಗ ಉದ್ದವಾಗಿದ್ದ, ಕೌದಿಗೆ ಸುತ್ತ ಒಂದು ಅಂಚು ಸೇರಿತು. ಇನ್ನಷ್ಟು ಉದ್ದವಾದ, ಇನ್ನೊಂದು ಅಂಚು. ಪ್ರೈಮರಿ, ಮಿಡ್ಲ್‌ಸ್ಕೂಲು, ಹೈಸ್ಕೂಲು ಎಂದು ಅಂಚುಗಳನ್ನು ಎಣಿಸಿಯೇ ಅವನ ವಿದ್ಯಾಭ್ಯಾಸ ಹೇಳಬಹುದಿತ್ತು.

ಈ ನಡುವೆ ಬೆಂಗಳೂರಿನ ಕರಕುಶಲ ಮೇಳವೊಂದರಲ್ಲಿ ಮಿಸ್ಸು ಸಿದ್ದಿ ಹೆಂಗಸರ ಕವಂದಿ ನೋಡಿ ಬಂದರು. ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಕಡೆ ಅವರು ಹೊಲಿಯುವ ರೀತಿಯೇ ಬೇರೆ. ಕೆಳಗೆ ಒಂದು ಹಳೇ ಸೀರೆ ಹಾಸಿ, ಅಂಚಿನಿಂದ ತೇಪೆ ಕೂಡಿಸುತ್ತಾ ಸುತ್ತು ಹಾಕಿ ಒಳಕ್ಕೆ ಬರುತ್ತಾರೆ. ನಡುವೆ ಬಂದು ಸೇರಿದರೆ ಕವಂದಿ ಪೂರ್ತಿ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ತ್ರಿಕೋನ, ಅದನ್ನು ಫೂಲ್ ಅನ್ನುತ್ತಾರೆ. ಅದಿಲ್ಲದಿದ್ದರೆ ಕವಂದಿ ಬೆತ್ತಲೆ ಎಂದು ಲೆಕ್ಕ. ಕಾಡಿನಂಚಿನ ಮನೆಗಳಲ್ಲಿ ಮಕ್ಕಳಿಗೆ ಹೊದಿಸಲು ಹೊಲಿದವು ಈಗ ಅಮೆರಿಕದ ಪ್ರದರ್ಶನಗಳವರೆಗೂ ಹೋಗಿವೆ. ನನಗೆ ಕೇಳಿದರೆ ಆ ಹೆಂಗಸರ ಕಣ್ಣಳತೆಯ ಮುಂದೆ ಅಳತೆಪಟ್ಟಿ ಹಿಡಿದ ನಮ್ಮ ಕೌದಿಗಳೆಲ್ಲ ಗಣಿತದ ಕಾಪಿ ಪುಸ್ತಕ. ಮಿಸ್ಸಿಗೆ ಹಿಡಿಸಿದ್ದು ಮಾತ್ರ ಬೇರೆಯದೇ: “ಇದರಲ್ಲಿ ಅಂಚು ಮೊದಲೇ ಆಗಿಹೋಗುತ್ತೆ. ಆಮೇಲೆ ದೊಡ್ಡದು ಮಾಡೋದಕ್ಕೆ ಬರೋದೇ ಇಲ್ಲ. ತಾನಾಗಿ ಮುಗಿಯುತ್ತೆ!” ನೀಲಿ ಸೀರೆ ಹಾಸಿ ಶುರು ಮಾಡಿದರು. ಅಂಚಾಯಿತು, ಎರಡು ಸುತ್ತಾಯಿತು, ಮೂರನೆಯ ಸುತ್ತಿಗೆ ಬೇರೊಂದು ಕೌದಿಯ ಯೋಚನೆ ಬಂತು. ಈಗ ಸುತ್ತಲೂ ಬಣ್ಣ ಬಣ್ಣದ ದಡ, ನಡುವೆ ಬರೀ ನೀಲಿ. ತಂಗಿ ಬಂದಾಗ, “ಇದೇನಕ್ಕಾ ಮಧ್ಯ ಖಾಲಿ?” ಎಂದು ಕೇಳಿದರೆ ಮಿಸ್ಸು ಒಂದು ಕ್ಷಣವೂ ತಡವರಿಸಲಿಲ್ಲ: “ಅದು ಕುಣಿಗಲ್ ಕೆರೆ ಕಣೇ.”

ಹುಡುಗ ಪಿಯುಸಿಗೆ ಹಾಸ್ಟೆಲ್ ಸೇರುತ್ತಾನೆ ಎಂದಾಗ ಮಾತ್ರ ಕುದುರೆ ಕೌದಿಯನ್ನು ಮುಗಿಸಲೇಬೇಕಾಯಿತು. ಬೀದಿಯ ಹೆಂಗಸರೆಲ್ಲ ವರಾಂಡದಲ್ಲಿ ಸುತ್ತ ಕೂತು, ಮಾತಿಗೊಂದು ಹೊಲಿಗೆಯಂತೆ ಹಾಕಿ ಮುಗಿಸಿದರು. ಎತ್ತಲು ಇಬ್ಬರು ಬೇಕು. ಒಗೆದು ಹಿಂಡುವುದಾದರೆ ನಾಲ್ಕು ಜನ. ಹುಡುಗ ನೋಡಿ ಕಾಲಿಗೆ ಬಿದ್ದು, “ದೊಡ್ಡಜ್ಜಿ, ಇದನ್ನ ಹಾಸ್ಟೆಲ್‌ನಲ್ಲಿ ಒಗೆಯೋರು ಯಾರು?” ಎಂದು ಕೇಳಿ, ಅಂಗಡಿಯ ರಗ್ಗು ತೆಗೆದುಕೊಂಡು ಹೊರಟುಹೋದ.

ಹಾಗಾಗಿ ಕೌದಿ ಗುಬ್ಬಿಗೆ ಹೋಯಿತು. ಮಿಸ್ಸಿನ ತಾಯಿಗೆ ಈಗ ತೊಂಬತ್ತರ ಹತ್ತಿರ. ಅಜ್ಜಿ ಅದನ್ನು ಬಿಸಿಲಿಗೆ ಹಿಡಿಸಿ, ಹೊಲಿಗೆ ಹೊಲಿಗೆಗೂ ಉಗುರು ಎಳೆದು ನೋಡಿದರು. “ಎಲ್ಲಾ ಹೊಸ ಬಟ್ಟೆ ಆಗೈತಲ್ಲೇ. ಉಟ್ಕೋಬೋದಾಗಿತ್ತು.”

“ಹೊದ್ಕೊಳೋಕೆ ತಂದಿರೋದು ಕಣಮ್ಮ.”

“ಇಷ್ಟು ಚೆಂದಾಗಿರೋದ್ನ ಹೊದ್ಕೊಂಡು ಕೊಳೆ ಮಾಡ್ತಾರೇನೇ? ಮ್ಯಾಲೆ ಒಂದು ಹಳೇ ಸೀರೆ ಹಾಕಿ ಹೊಲ್ಕೊಂಡು ಬಾ, ಆಮ್ಯಾಕೆ ಹೊದ್ಕೊತೀನಿ.” ಟ್ರಂಕಿನಿಂದ ಸೀರೆಯನ್ನೂ ಅವರೇ ತೆಗೆದುಕೊಟ್ಟರು.

ಮಿಸ್ಸಿನ ಮುಖ ಅರಳಿದ್ದನ್ನು ನಾನು ಆಮೇಲೆ ಕೇಳಿ ತಿಳಿದೆ. ಸಂಜೆಯ ಬಸ್ಸಿನಲ್ಲಿ ಕೌದಿಯ ಗಂಟು ಕಿಟಕಿಯ ಪಕ್ಕದ ಸೀಟಿನಲ್ಲಿ, ಮಿಸ್ಸು ಅದರ ಪಕ್ಕದಲ್ಲಿ, ಮಡಿಲಲ್ಲಿ ಹೊಸ ಹಳೇ ಸೀರೆ. ಕಂಡಕ್ಟರ್ ಬಂದ, ಆಧಾರ್ ನೋಡಿದ, ಗಂಟು ನೋಡಿದ. “ಅಮ್ಮಾ, ಇವರದ್ದೂ ಆಧಾರ್ ತೋರಿಸ್ಬಿಡಿ.”

“ಒಳಗಿರೋದೆಲ್ಲ ಹೆಂಗಸರ ಸೀರೇನೇ ಕಣಪ್ಪ,” ಅಂದರು ಮಿಸ್ಸು, “ಹೆಂಗಸರ ಲೆಕ್ಕಕ್ಕೇ ಹಾಕ್ಕೋ.”