ಕರಿಯನಿಗೆ ಹುಲಿಪಟ್ಟೆ

ನಮ್ಮ ಸಾಗರದ ಕಡೆ ಬಾಳೆಗೊನೆ ಯಾವತ್ತು ಕಡಿಯಬೇಕೆಂದು ತೀರ್ಮಾನಿಸುವವರು ನಾವಲ್ಲ, ಮಂಗಗಳು. ‘ಇನ್ನೆರಡು ದಿನ ಬಲೀಲಿ’ ಎಂದು ರಾತ್ರಿ ಮಾತಾಡಿಕೊಂಡು ಮಲಗಿದರೆ, ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋಗುವಷ್ಟರಲ್ಲಿ ಬರೀ ದಿಂಡು ನೇತಾಡುತ್ತಿರುತ್ತದೆ. ತಿಂದದ್ದಕ್ಕೆ ನನ್ನ ತಕರಾರಿಲ್ಲ. ಒಂದು ಕಚ್ಚಿ ಹತ್ತು ಎಸೆಯುವ ದರ್ಬಾರು ಮಾತ್ರ ಹೊಟ್ಟೆ ಉರಿಸುತ್ತದೆ. ಹಿಂಡಿನ ಗಡವ ಬಚ್ಚಲುಮನೆಯ ಮಾಡಿನ ಮೇಲೆ ಕೂತಿರುತ್ತದೆ. ಎರಡೂ ಕೆನ್ನೆಚೀಲ ಭರ್ತಿ, ಕೈಯಲ್ಲೊಂದು ಕಾಯಿ, ಕಾಲಲ್ಲಿ ಮತ್ತೊಂದು. ನಡುಬೈತಲೆ ತೆಗೆದು ಬಾಚಿದಂಥ ಕೂದಲು ಬೇರೆ. ಅದು ನನ್ನನ್ನು ನೋಡುವ ರೀತಿ, ಸಾಲ ಕೇಳಲು ಬಂದವನನ್ನು ಬ್ಯಾಂಕ್ ಮ್ಯಾನೇಜರು ನೋಡುವ ಹಾಗೆ.

2019ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ರೈತರೊಬ್ಬರು ತಮ್ಮ ನಾಯಿಗೆ ಹುಲಿಪಟ್ಟೆ ಬಳಿದು ತೋಟಕ್ಕೆ ಬಿಟ್ಟ ಸುದ್ದಿ ಪತ್ರಿಕೆಯಲ್ಲಿ ಬಂದದ್ದೇ ತಡ, ನಮ್ಮ ಜಗಲಿಯಲ್ಲೂ ಚರ್ಚೆ ಶುರು. ತೊಂದರೆಯೆಂದರೆ ನಮ್ಮ ಕರಿಯ ಮೂಗಿನಿಂದ ಬಾಲದ ತುದಿಯವರೆಗೆ ಕಪ್ಪು. ಪಟ್ಟೆ ಬಳಿಯುವುದೆಲ್ಲಿ?

‘ಮಂಗಕ್ಕೆ ಹುಲಿಗಿಂತ ಚಿರತೆ ಭಯ ಜಾಸ್ತಿ ಮಾರಾಯ. ಇವನಿಗೆ ಬಣ್ಣವೇ ಬೇಡ, ಹುಟ್ಟಾ ಕರಿಚಿರತೆ!’ ಎಂದರು ಪಕ್ಕದ ಮನೆ ಭಾವ.

ಮರ ಹತ್ತಿ ಹಿಡಿಯುವ ಪ್ರಾಣಿಯಾದ್ದರಿಂದ ಚಿರತೆ ಭಯ ಎಂದದ್ದು ಸುಳ್ಳಲ್ಲ. ಆದರೆ ನಮ್ಮದು, ಮಂಗ ‘ಗುರ್’ ಎಂದೊಡನೆ ಅಮ್ಮನ ಮಂಚದಡಿ ನುಗ್ಗುವ ಚಿರತೆ.

ಉಳಿದವರ ವಿಷಯದಲ್ಲಿ ಅಮ್ಮ ಉದಾರಿ. ಕೇರೆಹಾವು ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾಳೆ: ವಿಷವಿಲ್ಲ, ಇಲಿ ಹಿಡಿಯುತ್ತದೆ, ಸಂಬಳ ಕೇಳುವುದಿಲ್ಲ. ಮುಂಗುಸಿ ಅಡ್ಡ ಹಾಯ್ದರಂತೂ ಆ ದಿನವೆಲ್ಲ ಶುಭ.

ಕಬ್ಬೆಕ್ಕಿನದು ಬೇರೆಯೇ ವರಸೆ. ರಾತ್ರಿ ಅಟ್ಟದ ಮೇಲೆ ದಡಬಡ ಓಡಾಡಿ ನಿದ್ದೆ ಕೆಡಿಸುತ್ತದೆ, ನಿಜ. ಹಣ್ಣಿನ ವಿಷಯದಲ್ಲಿ ಮಾತ್ರ ಭಾರಿ ನಾಜೂಕು. ಪಪ್ಪಾಯಿ ಪಕ್ವವಾದ ರಾತ್ರಿಯೇ ಬಂದು, ಗೊತ್ತಾಗದಂತೆ ಆ ಕಡೆಯಿಂದ ತಿರುಳು ಮುಗಿಸಿ ಹೋಗುತ್ತದೆ. ಕೆಳಗಿನಿಂದ ನೋಡಿದರೆ ಹಣ್ಣು ಇಡಿಯಾಗಿಯೇ ಇದೆ. ದೋಟಿ ತಂದು, ಕತ್ತು ನೋಯಿಸಿಕೊಂಡು ಕೆಡವಿದರೆ, ಕೈಗೆ ಸಿಗುವುದು ಸಿಪ್ಪೆ ಮತ್ತು ಇರುವೆ.

ಕೊಡಗಿನಲ್ಲಿ ಇದೇ ಕಬ್ಬೆಕ್ಕಿನ ಹೊಟ್ಟೆ ಹೊಕ್ಕು ಹೊರಬಂದ ಕಾಫಿ ಬೀಜಕ್ಕೆ ಕಿಲೋಗೆ ಸಾವಿರಗಟ್ಟಲೆ ರೂಪಾಯಿ. ನಮ್ಮದು ಬಾವಿಕಟ್ಟೆಯ ಮೇಲೆ ಬಿಟ್ಟು ಹೋಗುವುದು ಬೈನೆ ಬೀಜ. ಅದನ್ನು ಇದುವರೆಗೆ ಯಾರೂ ಕೇಳಿಕೊಂಡು ಬಂದಿಲ್ಲ.

ಬೆಂಗಳೂರಿನ ಸೊಸೆಮುದ್ದು ಫೋನಿನಲ್ಲಿ ಇದನ್ನೆಲ್ಲ ಕೇಳಿ, ‘ಮಾವ, ನೀವೂ ಹಿತ್ತಲಲ್ಲಿ ನಾಲ್ಕು ಕಾಫಿ ಗಿಡ ಹಾಕಿ. ಕಬ್ಬೆಕ್ಕು ತಿಂದರೆ ದುಡ್ಡೇ ದುಡ್ಡು!’ ಎಂದಳು.

ಒಳಗಿನಿಂದ ಅಮ್ಮ ಕೂಗಿದಳು: ‘ಗಿಡ ಇದ್ದಾವೆ ಕಣೇ. ಹಣ್ಣಾಗೋವರೆಗೆ ಮಂಗ ಬಿಡಬೇಕಲ್ಲ!’